ಸೈಕಲ್ಲು ತುಳಿಯುವ ಹುಡುಗಿಗೆ ಕೇಳಬೇಕಾದ ಪ್ರಶ್ನೆ

ಎನ್.ಸಿ.ಇ.ಆರ್.ಟಿ. ಸಂಸ್ಥೆಯವರು ೨೦೦೬ರಲ್ಲಿ ಹೊರತಂದ ಒಂಬತ್ತನೆಯ ತರಗತಿಯ ವಿಜ್ಞಾನದ ಪುಸ್ತಕದಲ್ಲಿ, ಕೆಲಸ ಮತ್ತು ಶಕ್ತಿ ಎಂಬ ಪಾಠದ ಕೊನೆಗೆ, ಸೈಕಲ್ಲು ತುಳಿಯುವಾಗ ಶಕ್ತಿಯು ಯಾವ ಯಾವ ರೂಪಗಳನ್ನು ತಾಳುವದೆಂದು ಕೇಳಿದ ಒಂದು ಪ್ರಶ್ನೆ ಉಂಟು. ಮುಂದೆ ಅದೇ ಪಾಠವು ಕನ್ನಡದಲ್ಲಿ ನಮ್ಮ ರಾಜ್ಯದ ಶಾಲೆಗಳಿಗೂ ಬಂದಿತು. ಈ ಪ್ರಶ್ನೆಗೆ ಹುಡುಗಿಯರು ಸಾಮಾನ್ಯವಾಗಿ ಕೊಡುವ ಉತ್ತರವು ಒಂದೇ ವಾಕ್ಯದ್ದಾಗಿರುವದು: ಸ್ನಾಯುಗಳ ಶಕ್ತಿಯು ಚಲನ ಶಕ್ತಿಯಾಗಿ ಪರಿವರ್ತನೆ ಹೊಂದುವದು. ಉತ್ತರವು ತಪ್ಪಲ್ಲ, ಅಂಕಗಳೂ ದೊರೆಯುವವು. ಆದರೆ ಇದನ್ನು ಬರೆದವಳು ಅದರ ಅರ್ಥವನ್ನು ಬಲ್ಲಳೋ ಇಲ್ಲವೋ ಎಂಬದನ್ನು ಆ ವಾಕ್ಯದಿಂದ ತಿಳಿಯಲು ದಾರಿಯಿಲ್ಲ. ಬಾಯಿಪಾಠ ಮಾಡಿದವಳೂ ಅದನ್ನೇ ಬರೆಯುವಳು, ತಿಳಿದವಳೂ ಅದನ್ನೇ ಬರೆಯುವಳು.

ಇದು ಉಪಾಧ್ಯಾಯಿನಿಯರಿಗೆ ಮಾತ್ರ ಸೇರಿದ ಚಿಂತೆಯೆಂದು ತಾಯಿತಂದೆಗಳು ಎಣಿಸಬಾರದು. ಹತ್ತನೆಯ ತರಗತಿ ಮುಗಿದೊಡನೆ ಪ್ರತಿಯೊಂದು ಮನೆಯಲ್ಲಿಯೂ ಒಂದು ತೀರ್ಮಾನವಾಗುವದು: ಹುಡುಗಿಯನ್ನು ವಿಜ್ಞಾನಕ್ಕೆ ಹಾಕಬೇಕೋ ಬೇಡವೋ? ಈ ತೀರ್ಮಾನವನ್ನು ಅಂಕಪಟ್ಟಿಯೊಂದನ್ನೇ ನೋಡಿ ಮಾಡುವರು. ಕಂಠಪಾಠದ ಬಲದಿಂದ ತೊಂಬತ್ತು ಅಂಕ ಪಡೆದವಳು ಪಿ.ಯು.ಸಿ.ಗೆ ಹೋಗಿ ಮೊದಲನೆಯ ವರ್ಷದಲ್ಲಿಯೇ ಎದೆಗುಂದುವಳು. ಐವತ್ತು ಪಡೆದವಳಲ್ಲಿ ನಿಜವಾದ ತಿಳುವಳಿಕೆ ಇದ್ದರೂ "ನಿನಗೆ ವಿಜ್ಞಾನ ಆಗದು" ಎಂಬ ಮಾತನ್ನು ಕೇಳಿ ಬೇರೆ ದಾರಿ ಹಿಡಿಯುವಳು. ಇಬ್ಬರಿಗೂ ಅನ್ಯಾಯವೇ. ಆದಕಾರಣ ಮನೆಯಲ್ಲಿ ಕುಳಿತು, ಯಾವ ಉಪಕರಣವೂ ಇಲ್ಲದೆ, ಹುಡುಗಿಯ ತಿಳುವಳಿಕೆಯನ್ನು ಹೇಗೆ ಪರೀಕ್ಷಿಸಬಹುದೆಂಬದನ್ನು ಈ ಲೇಖನದಲ್ಲಿ ಹೇಳಲಿಚ್ಛಿಸುವೆನು. ಹಳೆಯ ವಿದ್ಯಾರ್ಥಿನಿಯರು ತಮ್ಮನ್ನೂ ಪರೀಕ್ಷಿಸಿಕೊಳ್ಳಬಹುದು. ಯಾರೂ ಅಂಕ ಹಾಕುವವರಿಲ್ಲ.

ಮೊದಲು ನಿಯಮವನ್ನು ಚಿಕ್ಕದಾಗಿ ಹೇಳಿಬಿಡುವೆನು. ಶಕ್ತಿಯು ಹೊಸದಾಗಿ ಹುಟ್ಟುವದಿಲ್ಲ, ಇಲ್ಲವಾಗುವದೂ ಇಲ್ಲ. ಒಂದು ರೂಪದಿಂದ ಇನ್ನೊಂದಕ್ಕೆ, ಒಂದು ವಸ್ತುವಿನಿಂದ ಇನ್ನೊಂದಕ್ಕೆ ಸಾಗುವದು. ಎಲ್ಲ ರೂಪಗಳನ್ನೂ ಕೂಡಿಸಿದರೆ ಲೆಕ್ಕವು ಯಾವಾಗಲೂ ಸರಿಹೋಗುವದು. ಇದನ್ನು ಅಳೆಯುವ ಮಾನಕ್ಕೆ ಜೂಲ್ ಎಂದು ಹೆಸರು. ನೂರು ಗ್ರಾಂ ತೂಗುವ ಒಂದು ಬಾಳೆಹಣ್ಣನ್ನು ನೆಲದಿಂದ ಒಂದು ಮೀಟರು ಮೇಲಕ್ಕೆತ್ತಿ ಕಪಾಟಿನಲ್ಲಿಟ್ಟರೆ ಹೆಚ್ಚು ಕಡಿಮೆ ಒಂದು ಜೂಲ್ ವೆಚ್ಚವಾಗುವದು. ನಮ್ಮ ಕಮಲಾಪುರದ ಕೆಂಪು ಬಾಳೆಹಣ್ಣು ಭೌಗೋಳಿಕ ಗುರುತನ್ನು ಪಡೆದು ದೇಶಕ್ಕೆಲ್ಲ ಪರಿಚಿತವಾಗಿರುವದರಿಂದ ಆ ಹಣ್ಣನ್ನೇ ನೆನೆಯೋಣ. ಅದರ ತಿರುಳು ನೂರು ಗ್ರಾಂ ತಿಂದರೆ ದೇಹಕ್ಕೆ ದೊರೆಯುವ ಶಕ್ತಿಯು ಮೂರುವರೆ ಲಕ್ಷ ಜೂಲಿಗೂ ಮಿಕ್ಕಿದ್ದು. ಎತ್ತಲು ಒಂದು, ತಿಂದರೆ ಲಕ್ಷಗಟ್ಟಲೆ! ಈ ಅಂತರವನ್ನು ಮನಸ್ಸಿನಲ್ಲಿಟ್ಟುಕೊಂಡಿರಬೇಕು; ಮುಂದೆ ಬೇಕಾಗುವದು.

ಕಷ್ಟವು ಒಂದು ಪಾಲು ನಮ್ಮ ಭಾಷೆಯಲ್ಲಿಯೇ ಉಂಟು. ಶಕ್ತಿ ಎಂಬ ಶಬ್ದವನ್ನು ಹುಡುಗಿಯು ವಿಜ್ಞಾನದ ಪಾಠಕ್ಕೆ ಬರುವ ಮೊದಲೇ ನೂರು ಸಲ ಕೇಳಿರುವಳು. ಊಟ ಬಿಟ್ಟರೆ ಮೈಯಲ್ಲಿ ಶಕ್ತಿ ಇರುವದಿಲ್ಲ, ಟಾನಿಕ್ಕು ಕುಡಿದರೆ ಶಕ್ತಿ ಬರುವದು, ದೇವಿಯು ಶಕ್ತಿ. ೨೦೨೩ರ ಜೂನ್ ೧೧ರಂದು ಆರಂಭವಾದ, ಹೆಂಗಸರು ಟಿಕೀಟಿಗೆ ಹಣ ಕೊಡದೆ ಸರಕಾರಿ ಬಸ್ಸಿನಲ್ಲಿ ಹೋಗುವ ಯೋಜನೆಯ ಹೆಸರೂ ಶಕ್ತಿಯೇ. ಪುಸ್ತಕದಲ್ಲಿ ಬಲ, ಶಕ್ತಿ, ಸಾಮರ್ಥ್ಯ ಎಂಬ ಮೂರು ಶಬ್ದಗಳಿಗೆ ಮೂರು ಬೇರೆ ಅರ್ಥಗಳಿರುವವು. ಓಣಿಯಲ್ಲಿ ಈ ಮೂರಕ್ಕೂ ತಾಕತ್ತು ಎಂಬ ಒಂದೇ ಶಬ್ದ ಸಾಕು. ಹೀಗಿರುವಲ್ಲಿ ಹುಡುಗಿಯು ಪುಸ್ತಕದ ಶಬ್ದವನ್ನು ಬರೆದು ಓಣಿಯ ಅರ್ಥವನ್ನು ಮನಸ್ಸಿನಲ್ಲಿ ಇಟ್ಟುಕೊಂಡರೆ ಆಶ್ಚರ್ಯವೇನು? ಇಂಗ್ಲಿಷ್ ಮಕ್ಕಳಿಗೂ ಇದು ತಪ್ಪಿದ್ದಲ್ಲ. ೧೯೮೩ರಲ್ಲಿ ಮೈಕೇಲ್ ವಾಟ್ಸ್ ಎಂಬವರು ಆ ದೇಶದ ಮಕ್ಕಳ ಎಣಿಕೆಗಳನ್ನು ಕೂಡಿಸಿ ಪ್ರಕಟಿಸಿದರು. ಶಕ್ತಿಯು ಮನುಷ್ಯರಲ್ಲಿ ಮಾತ್ರ ಇರುವದು ಎಂದು ಕೆಲವರು ಎಣಿಸಿದ್ದರು. ಅಲುಗಾಡುವ ವಸ್ತುವಿನಲ್ಲಿ ಮಾತ್ರ ಇರುವದೆಂದು ಕೆಲವರು. ಬಳಸಿದರೆ ತೀರಿಹೋಗುವ ಸರಕೆಂದು ಮತ್ತೆ ಕೆಲವರು. ನಮ್ಮ ತರಗತಿಗಳಲ್ಲಿ ದಿನವೂ ಕೇಳುವ ಮಾತುಗಳೂ ಇವೇ.

ಹಾಗಾದರೆ ಶಬ್ದದ ಮರೆಯನ್ನು ಸರಿಸಿ ಒಳಗಿನದನ್ನು ನೋಡುವದು ಹೇಗೆ? ಇದಕ್ಕೆ ಅಮೇರಿಕದ ಭೌತಶಾಸ್ತ್ರಜ್ಞ ರಿಚರ್ಡ್ ಫೈನ್‌ಮನ್ನರು ೧೯೬೬ರಲ್ಲಿ ವಿಜ್ಞಾನ ಕಲಿಸುವವರ ಒಂದು ಸಮ್ಮೇಲನದಲ್ಲಿ ಬಹು ಸುಲಭವಾದ ಉಪಾಯವನ್ನು ಸೂಚಿಸಿದರು. ಚಿಕ್ಕ ಮಕ್ಕಳ ಒಂದು ಪಾಠಪುಸ್ತಕದಲ್ಲಿ ಕೀಲಿ ತಿರುವಿದರೆ ನಡೆಯುವ ಆಟಿಕೆಯ ನಾಯಿಯ ಚಿತ್ರವಿದ್ದಿತು. ಇದನ್ನು ನಡೆಸುವದು ಯಾವದು ಎಂದು ಕೇಳಿ, ಶಕ್ತಿಯೇ ನಡೆಸುವದೆಂದು ಉತ್ತರ ಹೇಳಿದ್ದರು. ಫೈನ್‌ಮನ್ನರಿಗೆ ಇದು ಸರಿದೋರಲಿಲ್ಲ. ಯಾಕಂದರೆ ನಾಯಿಗೂ ಅದೇ ಉತ್ತರ, ಮೋಟಾರಿಗೂ ಅದೇ ಉತ್ತರ. ಮಗುವು ಕಲಿತದ್ದು ಒಂದು ಶಬ್ದ ಮಾತ್ರ. ಹೊಸದಾಗಿ ಕಲಿತ ಆ ಶಬ್ದವನ್ನು ಬಳಸದೆ, ಕಲಿತದ್ದನ್ನು ತನ್ನ ಸ್ವಂತ ಮಾತಿನಲ್ಲಿ ಮಗುವು ಹೇಳಲಿ. ಹೇಳಲಾಗದಿದ್ದರೆ ಅದು ಏನನ್ನೂ ಕಲಿತಿಲ್ಲವೆಂದೇ ತಿಳಿಯಬೇಕು ಎಂದು ಅವರು ವಾದಿಸಿದರು.

ನನಗೆ ಗೊತ್ತಿರುವ ಎಲ್ಲ ಪರೀಕ್ಷೆಗಳಲ್ಲಿ ಇದೇ ಅಗ್ಗದ್ದು, ಇದೇ ಕಠಿಣವಾದದ್ದು. ಶಕ್ತಿ ಎಂಬ ಶಬ್ದವನ್ನು ಒಂದು ಗಳಿಗೆ ಬಹಿಷ್ಕರಿಸಿ ಸೈಕಲ್ಲಿನ ಸಂಗತಿಯನ್ನು ಹೇಳೆಂದು ಮಗಳಿಗೆ ಹೇಳಿನೋಡಿರಿ. ತಿಳಿದವಳು ಹೀಗೆ ಆರಂಭಿಸುವಳು: ಮುಂಜಾನೆ ರೊಟ್ಟಿ ತಿಂದೆ, ಅದು ಅರಗಿ ರಕ್ತದೊಡನೆ ಕಾಲಿನ ಸ್ನಾಯುವಿಗೆ ಹೋಯಿತು, ಉಸಿರಿನ ಗಾಳಿಯೊಡನೆ ಅಲ್ಲಿ ಮೆಲ್ಲಗೆ ಉರಿಯಿತು, ಸ್ನಾಯು ಬಿಗಿದು ಪೆಡಲನ್ನು ಒತ್ತಿತು, ಸರಪಳಿಯು ಗಾಲಿಯನ್ನು ತಿರುಗಿಸಿತು, ಮೈ ಬೆಚ್ಚಗಾಯಿತು, ಬೆವರಿತು. ಇಷ್ಟು ಹೇಳಿದವಳು ಪುಸ್ತಕದ ವಾಕ್ಯವನ್ನು ಮರೆತರೂ ನಾನು ಚಿಂತಿಸೆನು. ಬೆವರನ್ನು ನೆನೆದವಳಿಗೆ ಇನ್ನೂ ಎರಡು ಅಂಕ ಹೆಚ್ಚು ಕೊಡುವೆನು.

ಇಲ್ಲಿಂದ ಮುಂದಿನ ಪ್ರಶ್ನೆಯೇ ಈ ಲೇಖನದ ಮುಖ್ಯವಾದ ಪ್ರಶ್ನೆ. ೨೦೦೬-೦೭ರಲ್ಲಿ ರಾಜ್ಯ ಸರಕಾರವು ಎಂಟನೆಯ ತರಗತಿಯ ಹುಡುಗಿಯರಿಗೆ ಉಚಿತವಾಗಿ ಸೈಕಲ್ಲು ಕೊಡಲು ಆರಂಭಿಸಿದಂದಿನಿಂದ ಎಷ್ಟೋ ಹಳ್ಳಿಯ ಹುಡುಗಿಯರಿಗೆ ಈ ವಾಹನವು ಸ್ವಂತದ್ದಾಯಿತು. ಆದದರಿಂದ ಅನುಭವದ ಕೊರತೆಯಿಲ್ಲ. ಅವಳನ್ನು ಹೀಗೆ ಕೇಳಿರಿ: "ಸಪಾಟಾದ ರಸ್ತೆಯಲ್ಲಿ ಒಂದೇ ವೇಗದಿಂದ ಹೋಗುತ್ತಿದ್ದೀ. ವೇಗವು ಹೆಚ್ಚುವದೂ ಇಲ್ಲ, ತಗ್ಗುವದೂ ಇಲ್ಲ. ಹಾಗಾದರೆ ನಿನ್ನ ಚಲನ ಶಕ್ತಿಯೂ ಹೆಚ್ಚುತ್ತಿಲ್ಲ. ಆದರೂ ನೀನು ತುಳಿಯುತ್ತಲೇ ಇರುವೆಯಲ್ಲ, ತುಳಿದದ್ದೆಲ್ಲ ಎಲ್ಲಿಗೆ ಹೋಯಿತು?"

ಕಂಠಪಾಠದ ವಾಕ್ಯವು ಇಲ್ಲಿ ಕೈಕೊಡುವದು. ಸ್ನಾಯುಗಳ ಶಕ್ತಿಯು ಚಲನ ಶಕ್ತಿಯಾಗುವದೆಂಬ ಮಾತು ಹೊರಟ ಮೊದಲಿನ ಕೆಲವು ಕ್ಷಣಗಳಿಗೆ ಮಾತ್ರ ಪೂರ್ಣವಾಗಿ ಒಪ್ಪುವದು. ಉಳಿದ ದಾರಿಗೆಲ್ಲ ಉತ್ತರವು ಬೇರೆ. ಲೆಕ್ಕ ಮಾಡಿ ನೋಡೋಣ. ಹುಡುಗಿಯೂ ಸೈಕಲ್ಲೂ ಕೂಡಿ ೬೦ ಕಿಲೋಗ್ರಾಂ ತೂಗುವರೆಂದೂ ಸೆಕೆಂಡಿಗೆ ೪ ಮೀಟರು, ಅಂದರೆ ತಾಸಿಗೆ ಹದಿನಾಲ್ಕು ಕಿಲೋಮೀಟರಿಗೆ ಸ್ವಲ್ಪ ಮಿಕ್ಕಿದ ವೇಗದಿಂದ ಹೋಗುವಳೆಂದೂ ಇಟ್ಟುಕೊಳ್ಳಿರಿ. ತೂಕದ ಅರ್ಧವನ್ನು ವೇಗದ ವರ್ಗದಿಂದ ಗುಣಿಸಿದರೆ ಅವಳ ಚಲನ ಶಕ್ತಿಯು ೪೮೦ ಜೂಲ್ ಆಗುವದು. ಈ ವೇಗದಲ್ಲಿ ಎದುರು ಗಾಳಿಯೂ ಟಾಯರು ರಸ್ತೆಗಳ ಉಜ್ಜಾಟವೂ ಕೂಡಿ ಅವಳನ್ನು ಸುಮಾರು ೧೦ ನ್ಯೂಟನ್ ಬಲದಿಂದ ಹಿಂದಕ್ಕೆ ಎಳೆಯುವವು. ಕೈಯಲ್ಲಿ ಒಂದು ಕಿಲೋ ತೊಗರಿ ಬೇಳೆಯನ್ನು ಹಿಡಿದಾಗ ಆಗುವ ಎಳೆತವು ಇಷ್ಟೇ. ಇಪ್ಪತ್ತು ನಿಮಿಷದಲ್ಲಿ ಅವಳು ೪,೮೦೦ ಮೀಟರು ಸಾಗುವಳು. ಹತ್ತು ನ್ಯೂಟನ್ನನ್ನು ಅಷ್ಟು ದೂರದಿಂದ ಗುಣಿಸಿದರೆ ೪೮,೦೦೦ ಜೂಲ್. ನೋಡಿದಿರಾ? ಅವಳಲ್ಲಿ ಚಲನ ಶಕ್ತಿಯಾಗಿ ಇರುವದು ೪೮೦. ದಾರಿಯಲ್ಲಿ ಪೆಡಲಿಗೆ ಕೊಟ್ಟದ್ದು ಅದರ ನೂರು ಪಾಲು. ಪುಸ್ತಕದ ವಾಕ್ಯವು ನೂರರಲ್ಲಿ ಒಂದು ಪಾಲಿನ ಕಥೆಯನ್ನು ಹೇಳಿ ತೊಂಬತ್ತೊಂಬತ್ತನ್ನು ಬಿಟ್ಟಿತು.

ಆ ತೊಂಬತ್ತೊಂಬತ್ತು ಪಾಲು ಗಾಳಿಯನ್ನು ಕಲಕಿ, ಟಾಯರನ್ನು ಮಣಿಸಿ, ಕೊನೆಗೆ ಉಷ್ಣವಾಯಿತು. ಅವಳು ಶಾಲೆಯ ಬಾಗಿಲಿಗೆ ಬಂದು ಬ್ರೇಕು ಒತ್ತಿದಾಗ ಉಳಿದ ೪೮೦ ಜೂಲೂ ಅದೇ ದಾರಿ ಹಿಡಿಯುವದು. ಒಟ್ಟಿನ ಮೇಲೆ ಮನೆಯಿಂದ ಶಾಲೆಯ ವರೆಗಿನ ಇಡೀ ಪ್ರಯಾಣದಲ್ಲಿ, ರಸ್ತೆಯು ಸಪಾಟಾಗಿದ್ದರೆ, ಅವಳು ಮಾಡಿದ್ದು ಗಾಳಿಯನ್ನೂ ರಸ್ತೆಯನ್ನೂ ತನ್ನ ಮೈಯನ್ನೂ ತುಸು ಬಿಸಿ ಮಾಡಿದ್ದೇ! ಮೈ ಎಂದು ಯಾಕೆ ಸೇರಿಸಿದೆನೆಂದರೆ, ನಮ್ಮ ಸ್ನಾಯುಗಳು ಆಹಾರದ ಶಕ್ತಿಯಲ್ಲಿ ಹೆಚ್ಚೆಂದರೆ ಕಾಲುಭಾಗವನ್ನು ಮಾತ್ರ ಪೆಡಲಿಗೆ ಕೊಡಬಲ್ಲವು. ಉಳಿದ ಮುಕ್ಕಾಲು ಪಾಲು ಮೈಯ ಬಿಸಿಯಾಗಿ ಹೋಗುವದು. ಆದದರಿಂದ ೪೮,೦೦೦ ಜೂಲಿಗಾಗಿ ಅವಳು ಸುಮಾರು ೧,೯೨,೦೦೦ ಜೂಲ್ ಆಹಾರವನ್ನು ಉರಿಸಬೇಕಾಯಿತು. ಜೋಳದ ಹಿಟ್ಟು ನೂರು ಗ್ರಾಮಿಗೆ ಹದಿನಾಲ್ಕು ಲಕ್ಷ ಜೂಲ್ ಕೊಡುವದರಿಂದ ಈ ಪ್ರಯಾಣದ ವೆಚ್ಚವು ಹದಿನಾಲ್ಕು ಗ್ರಾಂ ಹಿಟ್ಟು. ಒಂದು ತೆಳ್ಳನೆಯ ರೊಟ್ಟಿಯ ಅರ್ಧವೂ ಆಗದು. ಇದಕ್ಕಿಂತ ಅಗ್ಗದ ವಾಹನವನ್ನು ನಾನು ಕಾಣೆನು; ಆದರೆ ಇದು ಬೇರೆ ಮಾತು.

ಈ ಲೆಕ್ಕವನ್ನು ಹೇಳಿದಾಗ ಚುರುಕಾದ ಹುಡುಗಿಯು ಸುಮ್ಮನೆ ಒಪ್ಪುವವಳಲ್ಲ. "ಅಷ್ಟು ಬಿಸಿಯಾದರೆ ನಮಗೆ ತಾಗಬೇಕಲ್ಲ?" ಎಂದು ಕೇಳುವಳು. ಕೇಳಲಿ. ಹೀಗೆ ಕೇಳಿದವಳು ಪರೀಕ್ಷೆಯಲ್ಲಿ ಅರ್ಧ ಗೆದ್ದಂತೆಯೇ. ಉತ್ತರವೇನೆಂದರೆ, ಉಷ್ಣದ ಲೆಕ್ಕದಲ್ಲಿ ಜೂಲ್ ಬಹು ಚಿಕ್ಕದು. ಅರ್ಧ ಕಿಲೋ ತೂಗುವ ಉಕ್ಕಿನ ರಿಮ್ಮಿಗೆ ೪೮೦ ಜೂಲೆಲ್ಲವೂ ಸೇರಿದರೂ ಅದು ಎರಡು ಡಿಗ್ರಿ ಮಾತ್ರ ಬಿಸಿಯಾಗುವದು. ಜೋಗದಲ್ಲಿ ೨೫೩ ಮೀಟರು ಎತ್ತರದಿಂದ ಬಿದ್ದ ನೀರು ತನ್ನ ಪತನದ ಶಕ್ತಿಯನ್ನೆಲ್ಲ ಉಷ್ಣವಾಗಿ ಇಟ್ಟುಕೊಂಡರೂ ಡಿಗ್ರಿಯ ಹತ್ತರಲ್ಲಿ ಆರು ಪಾಲಿನಷ್ಟು ಮಾತ್ರ ಬೆಚ್ಚಗಾದೀತು. ಕೈಗೆ ತಾಗದು, ಕಣ್ಣಿಗೆ ಕಾಣದು. ಆದದರಿಂದಲೇ ಶಕ್ತಿಯು ತೀರಿಹೋಯಿತೆಂದು ಜನರು ಸಾವಿರಾರು ವರ್ಷ ನಂಬಿದರು.

ಕೈಗೆ ತಾಗುವ ಒಂದು ಸ್ಥಳವು ಮಾತ್ರ ಪ್ರತಿಯೊಬ್ಬ ತಾಯಿಗೂ ಗೊತ್ತು. ಗಿರಣಿಯಿಂದ ಈಗ ತಾನೆ ತಂದ ಜೋಳದ ಹಿಟ್ಟಿನ ಡಬ್ಬಿಯಲ್ಲಿ ಕೈಯಿಟ್ಟರೆ ಹಿಟ್ಟು ಬಿಸಿಯಾಗಿರುವದು. ಅದನ್ನು ಯಾರೂ ಒಲೆಯ ಮೇಲೆ ಇಟ್ಟಿರಲಿಲ್ಲ. ತಿರುಗುವ ಕಲ್ಲಿನ ಚಲನೆಯು ಉಜ್ಜಿ ಉಜ್ಜಿ ಉಷ್ಣವಾದದ್ದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಡ. ಮ್ಯೂನಿಕ್ ನಗರದಲ್ಲಿ ರಮ್‌ಫರ್ಡ್ ಎಂಬವನು ಕಂಡದ್ದೂ ಇದನ್ನೇ. ನಮ್ಮ ಕಲಬುರಗಿಯ ಕೋಟೆಯ ಮೇಲಿನ ಉದ್ದನೆಯ ತೋಪನ್ನು ನೋಡಿದವರಿಗೆ ತೋಪೆಂದರೆ ಎಂಥ ಲೋಹದ ರಾಶಿಯೆಂಬದು ತಿಳಿದೇ ಇದೆ. ಅಂಥ ತೋಪುಗಳಿಗೆ ಕುದುರೆಗಳ ಬಲದಿಂದ ತೂತು ಕೊರೆಯಿಸುವಾಗ ಲೋಹವು ವಿಪರೀತ ಬಿಸಿಯಾಗುವದನ್ನು ನೋಡಿ, ಅವನು ಅದರ ಸುತ್ತ ನೀರಿನ ಪೆಟ್ಟಿಗೆಯನ್ನು ಕಟ್ಟಿಸಿದನು. ಎರಡೂವರೆ ತಾಸಿನಲ್ಲಿ ಬೆಂಕಿಯಿಲ್ಲದೆ ನೀರು ಕುದಿಯಿತು. ೧೭೯೮ರಲ್ಲಿ ಈ ವೃತ್ತಾಂತವು ಪ್ರಕಟವಾಯಿತು. ಇಂಗ್ಲೆಂಡಿನ ಜೇಮ್ಸ್ ಜೂಲ್ ೧೮೪೦ರ ದಶಕದಲ್ಲಿ, ಬೀಳುವ ತೂಕಗಳಿಂದ ನೀರಿನೊಳಗೆ ಹುಟ್ಟು ತಿರುಗಿಸಿ, ಎಷ್ಟು ಚಲನೆಗೆ ಎಷ್ಟು ಉಷ್ಣವೆಂಬದನ್ನು ಅಳೆದು ತೋರಿಸಿದನು. ಅವನ ಹೆಸರೇ ಆ ಮಾನಕ್ಕೆ ಬಂದಿತು. ಇವರ ಹೆಸರುಗಳನ್ನೂ ಇಸವಿಗಳನ್ನೂ ಮಗಳಿಂದ ಕೇಳಬೇಕಾಗಿಲ್ಲ. ಹಿಟ್ಟು ಯಾಕೆ ಬಿಸಿ ಎಂದು ಕೇಳಿದರೆ ಸಾಕು.

ಇನ್ನು ಜೋಕಾಲಿ. ಪಂಚಮಿ ಬಂದಾಗ ನಮ್ಮ ಸೀಮೆಯಲ್ಲಿ ಜೋಕಾಲಿ ಕಟ್ಟದ ಮರವುಂಟೇ? ಪುಸ್ತಕದಲ್ಲಿ ಲೋಲಕವೆಂದು ದಾರಕ್ಕೆ ಕಟ್ಟಿದ ಗುಂಡನ್ನು ತೋರಿಸುವರು. ಹುಡುಗಿಯು ತಾನೇ ಗುಂಡಾಗಿ ತೂಗಿರುವದನ್ನು ಯಾರೂ ನೆನಪಿಗೆ ತರುವದಿಲ್ಲ. ಜೋಕಾಲಿಯು ಕೆಳಗಿನ ತುದಿಯಿಂದ ಒಂದೂವರೆ ಮೀಟರು ಮೇಲಕ್ಕೆ ಹೋಗಿ ಗಳಿಗೆಯಷ್ಟು ನಿಂತಾಗ ಚಲನ ಶಕ್ತಿಯು ಇಲ್ಲ. ಎತ್ತರದಲ್ಲಿ ಅಡಗಿದ ಪ್ರಚ್ಛನ್ನ ಶಕ್ತಿಯಾಗಿ ಅದು ಇರುವದು. ಕೆಳಗೆ ಬರುವಾಗ ಪ್ರಚ್ಛನ್ನ ಶಕ್ತಿಯು ಚಲನ ಶಕ್ತಿಯಾಗಿ, ತಳದಲ್ಲಿ ವೇಗವು ಸೆಕೆಂಡಿಗೆ ಸುಮಾರು ೫.೪ ಮೀಟರು ಆಗುವದು. ಮೇಲಿನ ಸೈಕಲ್ಲಿಗಿಂತಲೂ ಹೆಚ್ಚು. ಇದು ಎಲ್ಲರಿಗೂ ಗೊತ್ತಿರುವ ಉತ್ತರ. ಹಾಗಾದರೆ ಹೀಗೆ ಕೇಳಿರಿ: ಒಂದೇ ಎತ್ತರದಿಂದ ಮೊದಲು ದಪ್ಪನೆಯ ಅಕ್ಕನೂ ಆಮೇಲೆ ಸಣ್ಣ ತಂಗಿಯೂ ಬಂದರೆ ತಳದಲ್ಲಿ ಯಾರ ವೇಗ ಹೆಚ್ಚು? ಅಕ್ಕನದೆಂದು ಬಹುಜನ ಹುಡುಗಿಯರು ಹೇಳುವರು. ಅಕ್ಕನ ಶಕ್ತಿಯು ಹೆಚ್ಚೆಂಬದು ನಿಜ. ಆದರೆ ಆ ಹೆಚ್ಚಿನ ಶಕ್ತಿಯು ಹೆಚ್ಚಿನ ತೂಕವನ್ನೇ ಓಡಿಸಬೇಕು. ಆದದರಿಂದ ಇಬ್ಬರ ವೇಗವೂ ಒಂದೇ. ಶಕ್ತಿಗೂ ವೇಗಕ್ಕೂ ಇರುವ ಭೇದವನ್ನು ಇಷ್ಟು ಸ್ಪಷ್ಟವಾಗಿ ತೋರಿಸುವ ಪ್ರಶ್ನೆಯು ನನಗೆ ಇನ್ನೊಂದು ದೊರೆತಿಲ್ಲ.

ಇದಕ್ಕಿಂತಲೂ ಬಲವಾದದ್ದು ಇನ್ನೊಂದುಂಟು. ಯಾರೂ ನೂಕದಿದ್ದರೂ, ನಿಂತು ಜೀಕುವ ಹುಡುಗಿಯು ಜೋಕಾಲಿಯನ್ನು ಹೆಚ್ಚು ಹೆಚ್ಚು ಎತ್ತರಕ್ಕೆ ಒಯ್ಯುವಳಲ್ಲ, ಆ ಹೆಚ್ಚಿನ ಎತ್ತರ ಎಲ್ಲಿಂದ ಬಂದಿತು? ಶಕ್ತಿಯು ಹೊಸದಾಗಿ ಹುಟ್ಟಲಾರದಷ್ಟೆ! ಉತ್ತರವು ಅವಳ ಮೊಣಕಾಲಿನಲ್ಲಿದೆ. ತಳದಲ್ಲಿ ಹಗ್ಗವು ಬಿಗಿಯಾಗಿ ಮೈ ಭಾರವಾದಂತಾಗುವದು. ಆ ಹೊತ್ತಿನಲ್ಲಿಯೇ ಅವಳು ಮೊಣಕಾಲು ನೆಟ್ಟಗೆ ಮಾಡಿ ಮೈಯನ್ನು ಎತ್ತುವಳು. ತುದಿಯಲ್ಲಿ ಮೈ ಹಗುರಾದಾಗ ಮತ್ತೆ ಕುಗ್ಗುವಳು. ಭಾರವಿದ್ದಾಗ ಎತ್ತಿದ್ದು ಹೆಚ್ಚು, ಹಗುರಿದ್ದಾಗ ಇಳಿಸಿದ್ದು ಕಡಿಮೆ. ನಡುವಿನ ಅಂತರವು ಪ್ರತಿ ಸಲವೂ ಜೋಕಾಲಿಯ ಖಾತೆಗೆ ಜಮೆಯಾಗುವದು. ಜೀಕುವದನ್ನು ನಿಲ್ಲಿಸಿದರೆ ಗಾಳಿಯೂ ಹಗ್ಗದ ಗಂಟೂ ಆ ಜಮೆಯನ್ನು ಮೆಲ್ಲಗೆ ಉಷ್ಣವಾಗಿ ಹಿಂತೆಗೆದುಕೊಳ್ಳುವವು. ಈ ಉತ್ತರವನ್ನು ಪೂರ್ತಿ ಹೇಳಬೇಕೆಂದು ಶಾಲೆಯ ಹುಡುಗಿಯಿಂದ ಬಯಸಲಾಗದು. "ನನ್ನ ಕಾಲಿನಿಂದಲೇ ಬಂದಿರಬೇಕು" ಎಂದು ಹೇಳಿದರೂ ಸಾಕು. ನಿಯಮವನ್ನು ಅವಳು ನಂಬಿರುವಳೆಂದು ತಿಳಿಯಿತು.

ಮೊದಲು ಹೇಳಿದ ಪುಸ್ತಕದಲ್ಲಿಯೇ ದೊಡ್ಡ ಬಂಡೆಯನ್ನು ಎಷ್ಟು ನೂಕಿದರೂ ಅಲುಗದಿದ್ದರೆ ನೀವು ವೆಚ್ಚ ಮಾಡಿದ್ದು ಎಲ್ಲಿಗೆ ಹೋಯಿತೆಂಬ ಅರ್ಥದ ಒಂದು ಪ್ರಶ್ನೆ ಉಂಟು. ಇದು ಒಳ್ಳೆಯ ಪ್ರಶ್ನೆ. ಇಲ್ಲಿಯ ಮಾರುಕಟ್ಟೆಯಲ್ಲಿ ತೊಗರಿಯ ಚೀಲವನ್ನು ಬೆನ್ನ ಮೇಲೆ ಹೊತ್ತು ನಿಂತ ಹಮಾಲನನ್ನು ತೋರಿಸಿ ಇದನ್ನೇ ಕೇಳಬಹುದು. ನಿಂತಷ್ಟು ಹೊತ್ತೂ ಅವನು ಚೀಲಕ್ಕೆ ಒಂದು ಜೂಲನ್ನೂ ಕೊಡಲಿಲ್ಲ; ಚೀಲವು ಏರಲಿಲ್ಲ, ಓಡಲಿಲ್ಲ. ಆದರೂ ಅವನ ಬೆವರು ಸುಳ್ಳಲ್ಲ. ಅವನ ಸ್ನಾಯುವಿನ ಎಳೆಗಳು ಕ್ಷಣಕ್ಷಣಕ್ಕೂ ಬಿಗಿಯುತ್ತ ಸಡಲುತ್ತ ಆಹಾರವನ್ನು ಉರಿಸಿ ನೇರವಾಗಿ ಉಷ್ಣ ಮಾಡಿದವು. ಕೆಲಸ ಎಂಬ ಶಬ್ದಕ್ಕೆ ಭೌತಶಾಸ್ತ್ರವು ಕೊಟ್ಟ ಅರ್ಥವನ್ನು ಹೇಳುವಾಗ, ಹಮಾಲನು ಏನೂ ಕೆಲಸ ಮಾಡಲಿಲ್ಲವೆಂಬ ಮಾತನ್ನು ಅವನ ಮಗಳೂ ತರಗತಿಯಲ್ಲಿ ಕುಳಿತು ಕೇಳುತ್ತಿರಬಹುದೆಂಬದನ್ನು ಕಲಿಸುವವರು ಮರೆಯಬಾರದು. ಚೀಲದ ಮೇಲೆ ಕೆಲಸ ಆಗಲಿಲ್ಲವೆಂದು ಹೇಳಬೇಕು, ಅಷ್ಟೇ ಸತ್ಯ.

ಕಮಲಾಪುರದ ಕಡೆಯಿಂದ ದಿನವೂ ಬಸ್ಸಿನಲ್ಲಿ ಬರುವವರಿಗೆ ಬಸ್ಸಿನ ಪ್ರಶ್ನೆ. ಹನ್ನೆರಡು ಟನ್ನಿನ ಬಸ್ಸು ತಾಸಿಗೆ ೫೪ ಕಿಲೋಮೀಟರು ವೇಗದಲ್ಲಿದ್ದರೆ ಹದಿಮೂರುವರೆ ಲಕ್ಷ ಜೂಲ್ ಚಲನ ಶಕ್ತಿ. ನಿಲ್ದಾಣದಲ್ಲಿ ನಿಂತಾಗ ಬಹು ಪಾಲು ಬ್ರೇಕಿನಲ್ಲಿ ಉಷ್ಣ. ಪ್ರತಿ ಹಳ್ಳಿಗೂ ನಿಲ್ಲುವ ಬಸ್ಸಿಗೆ ಡೀಸೆಲ್ ಯಾಕೆ ಹೆಚ್ಚು ಬೇಕೆಂಬದನ್ನು ಹುಡುಗಿಯು ಇದರಿಂದ ತಾನೇ ಹೇಳಬಲ್ಲಳು. ಹಳೆಯ ವಿದ್ಯಾರ್ಥಿನಿಯರಿಗೆ ಸೈಕಲ್ಲಿನ ಡೈನಮೋ ನೆನಪಿರಬಹುದು. ದೀಪ ಹೊತ್ತಿಸಿದೊಡನೆ ಪೆಡಲು ಯಾಕೆ ಭಾರವಾಗುತ್ತಿತ್ತು? ಮೂರು ವ್ಯಾಟಿನ ಆ ಬೆಳಕಿಗೂ ಯಾರಾದರೂ ಬೆಲೆ ಕೊಡಲೇಬೇಕಾಗಿತ್ತು.

ಈಗ ಪರೀಕ್ಷೆಯ ಮಾತು. ೨೦೨೫ರ ಎಸ್.ಎಸ್.ಎಲ್.ಸಿ.ಯ ಮೊದಲನೆಯ ಪರೀಕ್ಷೆಯಲ್ಲಿ ಕಲಬುರಗಿ ಜಿಲ್ಲೆಯಿಂದ ತೇರ್ಗಡೆಯಾದವರು ನೂರಕ್ಕೆ ೪೨.೪೩. ರಾಜ್ಯದಲ್ಲಿ ಕೊನೆಯ ಸ್ಥಾನವು ನಮ್ಮದಾಯಿತು. ಮೊದಲನೆಯ ಸ್ಥಾನದ ದಕ್ಷಿಣ ಕನ್ನಡದಲ್ಲಿ ೯೧.೧೨. ಇಂಥ ಫಲಿತಾಂಶದ ಮುಂದೆ ನಿಂತ ಉಪಾಧ್ಯಾಯಿನಿಯು ಪ್ರಶ್ನೋತ್ತರಗಳನ್ನು ಬಾಯಿಪಾಠ ಮಾಡಿಸಿದರೆ ನಾನು ಅವಳನ್ನು ಹಳಿಯಲಾರೆನು. ತೇರ್ಗಡೆಯಾಗದ ಹುಡುಗಿಗೆ ಮದುವೆಯ ಮಾತು ಎಷ್ಟು ಬೇಗ ಬರುವದೆಂಬದು ನಮಗೆಲ್ಲ ಗೊತ್ತು. ಆದರೆ ಬಾಯಿಪಾಠವು ದಾಟಿಸುವದು ಒಂದೇ ಹೊಳೆಯನ್ನು. ಹಾರ್ವರ್ಡ್ ವಿಶ್ವವಿದ್ಯಾನಿಲಯದ ಎರಿಕ್ ಮಜೂರ್ ಎಂಬ ಪ್ರಾಧ್ಯಾಪಕರು ಲೆಕ್ಕಗಳನ್ನು ಚೆನ್ನಾಗಿ ಬಿಡಿಸುತ್ತಿದ್ದ ತಮ್ಮ ವಿದ್ಯಾರ್ಥಿಗಳಿಗೆ ಬಲದ ವಿಷಯವಾಗಿ ಸರಳವಾದ, ಲೆಕ್ಕವಿಲ್ಲದ ಪ್ರಶ್ನೆಗಳನ್ನು ಕೊಟ್ಟರು. ನೀವು ಕಲಿಸಿದ ಪ್ರಕಾರ ಉತ್ತರ ಬರೆಯಬೇಕೋ, ಅಥವಾ ನಾನು ನಿಜವಾಗಿ ಯೋಚಿಸುವ ಪ್ರಕಾರ ಬರೆಯಬೇಕೋ ಎಂದು ಒಬ್ಬ ವಿದ್ಯಾರ್ಥಿನಿಯು ಅವರನ್ನು ಕೇಳಿದಳಂತೆ. ಅಷ್ಟು ದೊಡ್ಡ ವಿದ್ಯಾಲಯದಲ್ಲಿಯೂ ಪಾಠವೊಂದು ಕಡೆ, ಮನಸ್ಸೊಂದು ಕಡೆ ಇದ್ದವು. ಅಂದಿನಿಂದ ಮಜೂರರು ತಮ್ಮ ಬೋಧನೆಯ ಕ್ರಮವನ್ನ ೇ ಬದಲಿಸಿದರು.

ಬರವಣಿಗೆಯ ಪರೀಕ್ಷೆಯಲ್ಲಿಯೇ ಇದನ್ನು ಹಿಡಿಯಲು ಒಂದು ಬಗೆ ಉಂಟು. ಆಸ್ಟ್ರೇಲಿಯದ ಡೇವಿಡ್ ಟ್ರೆಗಸ್ಟ್ ೧೯೮೮ರಲ್ಲಿ ವಿವರಿಸಿದ ಕ್ರಮದಲ್ಲಿ ಪ್ರಶ್ನೆಗೆ ಎರಡು ಅಂತಸ್ತು: ಮೊದಲನೆಯದರಲ್ಲಿ ಉತ್ತರವನ್ನು ಆರಿಸಬೇಕು, ಎರಡನೆಯದರಲ್ಲಿ ಅದಕ್ಕೆ ಕಾರಣವನ್ನು. ತಪ್ಪು ಕಾರಣಗಳನ್ನು ಮಕ್ಕಳ ಬಾಯಿಂದ ಬಂದ ಮಾತುಗಳಿಂದಲೇ ಆಯ್ದು ಇಡುವರು. ಉದಾಹರಣೆಗೆ, ಸಪಾಟಾದ ರಸ್ತೆಯಲ್ಲಿ ತುಳಿಯುವದನ್ನು ಬಿಟ್ಟರೆ ಸೈಕಲ್ಲು ನಿಲ್ಲುವದೋ ಇಲ್ಲವೋ ಎಂಬದು ಮೊದಲನೆಯ ಅಂತಸ್ತು. ಎಲ್ಲರೂ ನಿಲ್ಲುವದೆಂದೇ ಬರೆಯುವರು. ಶಕ್ತಿಯು ತೀರಿತೆಂದೋ, ಗಾಲಿಗೆ ಬಲ ಸಾಲದಾಯಿತೆಂದೋ, ಅದು ಗಾಳಿ ರಸ್ತೆಗಳಿಗೆ ಉಷ್ಣವಾಗಿ ಹೋಯಿತೆಂದೋ ಎಂಬ ಎರಡನೆಯ ಅಂತಸ್ತಿನಲ್ಲಿ ತರಗತಿಯು ಮೂರು ಪಾಲಾಗುವದು. ಎಲ್ಲಿ ನಿಂತೀತು ಎಂದು ಮೊದಲೇ ಹೇಳಿಸಿ ಆಮೇಲೆ ಅಂಗಳದಲ್ಲಿ ಮಾಡಿ ನೋಡಿದರೆ ಇನ್ನೂ ಒಳ್ಳೆಯದು. ಹತ್ತು ನ್ಯೂಟನ್ ಎಳೆತವು ಹಾಗೆಯೇ ಇದ್ದರೆ ೪೮೦ ಜೂಲ್ ಮುಗಿಯಲು ೪೮ ಮೀಟರು. ವೇಗ ತಗ್ಗಿದಂತೆ ಗಾಳಿಯ ತಡೆಯೂ ತಗ್ಗುವದರಿಂದ ಸೈಕಲ್ಲು ಅದಕ್ಕಿಂತ ಮುಂದೆ ಹೋಗಿ ನಿಲ್ಲುವದು.

ಮನೆಯಲ್ಲಿ ಕೇಳುವವರಿಗೆ ಎರಡು ಮಾತು. ಪರೀಕ್ಷೆಯ ಹಿಂದಿನ ರಾತ್ರಿ ಇದಕ್ಕೆ ತಕ್ಕ ಸಮಯವಲ್ಲ. ರೊಟ್ಟಿ ಬಡಿಯುವಾಗ, ಹಿಟ್ಟು ತಂದಾಗ, ಬಸ್ಸಿಗೆ ಕಾಯುವಾಗ ಕೇಳಿರಿ. ಪ್ರಶ್ನೆ ಕೇಳಿದ ಮೇಲೆ ಅವಳು ಯೋಚಿಸುವ ವರೆಗೆ ಸುಮ್ಮನಿರಬೇಕು. ನಮಗೆ ಉತ್ತರ ಗೊತ್ತಿಲ್ಲದಿದ್ದರೆ ಇದು ಇನ್ನೂ ಸುಲಭ. ಉತ್ತರವು ಪುಸ್ತಕದ ಕನ್ನಡದಲ್ಲಿ ಇರಬೇಕೆಂದು ಹಟ ಮಾಡಬೇಡಿರಿ. ನಮ್ಮ ಗಾಜಿಪುರದ ಸುತ್ತಲಿನ ಮನೆಗಳಲ್ಲಿ ಕನ್ನಡವೂ ದಖನಿಯೂ ಮರಾಠಿಯೂ ತೆಲುಗೂ ಕೇಳಿಬರುವವು. ಸೈಕಲ್ಲಿನ ಗಾಳಿ ಬಿಸಿಯಾಗುವದನ್ನು ಅವಳು ಯಾವ ಮಾತಿನಲ್ಲಿ ಹೇಳಿದರೂ ಹೇಳಲಿ. ಅದನ್ನು ಪರೀಕ್ಷೆಯ ಕನ್ನಡಕ್ಕೆ ತಿರುಗಿಸುವ ಕೆಲಸವನ್ನು ಸೋಮವಾರ ತರಗತಿಯಲ್ಲಿ ನಾವು ಮಾಡಿಕೊಳ್ಳುವೆವು.